ಜೋಡಿ ಎಂಜಿನ್: ಒಂದು ಏರಿಗೆ, ಇನ್ನೊಂದು ನೀರಿಗೆ

ಓದುಗರ ಪ್ರಶ್ನೆ: ಸರ್, ನಮ್ಮದು ಸೋಮವಾರಪೇಟೆ ಹತ್ತಿರ ಕಾಫಿ ತೋಟ. ಮನೆಯ ಅಟ್ಟದಲ್ಲಿ ಮೂರು ವರ್ಷದಿಂದ ಎಚ್‌ಒ ಅಳತೆಯ ಮಾದರಿ ರೈಲು ಹಾಕಿಕೊಂಡಿದ್ದೇನೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಹಾಗೆ ಮುಂದೆ ಎರಡು ಡೀಸೆಲ್, ಹಿಂದಿನಿಂದ ತಳ್ಳಲು ಒಂದು ಬ್ಯಾಂಕರ್ ಎಂಜಿನ್ ಕೊಟ್ಟು ಗೂಡ್ಸ್ ಹತ್ತಿಸಬೇಕೆಂದು ಆಸೆ. ಮುಂದಿನ ಎರಡೂ ಬೇರೆ ಬೇರೆ ಕಂಪನಿಯವು, ಡಿಕೋಡರ್‌ಗಳೂ (ಥ್ರಾಟಲ್‌ನ ಆಜ್ಞೆ ಓದಿ ಮೋಟಾರ್ ಓಡಿಸುವ ಪುಟ್ಟ ಸರ್ಕ್ಯೂಟ್) ಬೇರೆ. ಥ್ರಾಟಲ್ ಪೂರ್ತಿ ಕೊಟ್ಟಾಗ 1 ಮೀಟರ್ ಓಡಲು ಒಂದನೆಯದಕ್ಕೆ 3 ಸೆಕೆಂಡ್, ಎರಡನೆಯದಕ್ಕೆ 2.9. ಎರಡನೆಯದರ ಸಿವಿ 5ನ್ನು (ಡಿಕೋಡರ್‌ನಲ್ಲಿ ಪೂರ್ತಿ ವೇಗದ ಅಂಕಿ ಇರುವ ಖಾನೆ) 210ಕ್ಕೆ ಇಳಿಸಿ ಇಷ್ಟು ಹೊಂದಿಸಿದೆ. ಆದರೆ ಥ್ರಾಟಲ್‌ನ 128 ವೇಗದ ಸ್ಟೆಪ್‌ಗಳಲ್ಲಿ 40ನೆಯದಕ್ಕೆ ಬಂದರೆ ಒಂದನೆಯದು 9 ಸೆಕೆಂಡ್, ಎರಡನೆಯದು 7. ಹೊರಡುವಾಗ ಎರಡನೆಯದು 1ನೇ ಸ್ಟೆಪ್‌ಗೇ ಕದಲುತ್ತದೆ, ಒಂದನೆಯದು 6ಕ್ಕೆ. ಒಂದನೆಯದನ್ನು ಮುಂದಿಟ್ಟು ಜೋಡಿಸಿದರೆ ತಿರುವಿನಲ್ಲಿ ಅದರ ಹಿಂದಿನ ಚಕ್ರಗಳು ಹಳಿ ಬಿಡುತ್ತವೆ. ಅದರ ಎರಡು ಚಕ್ರಗಳಿಗೆ ರಬ್ಬರ್ ರಿಂಗ್ ಇದೆ. ಎರಡಕ್ಕೂ ಒಂದೇ ಕಂಪನಿಯ ಡಿಕೋಡರ್ ಹಾಕದೆ ಬೇರೆ ದಾರಿಯಿಲ್ಲ ಎಂದು ಒಬ್ಬ ಸ್ನೇಹಿತರು, ಬ್ಯಾಕ್ ಇಎಂಎಫ್ (ಡಿಕೋಡರ್ ವೇಗವನ್ನು ತಾನೇ ತಿದ್ದಿಕೊಳ್ಳುವ ಸೌಲಭ್ಯ) ಆಫ್ ಮಾಡಿ ಎಂದು ಇನ್ನೊಬ್ಬರು. ನಾಲ್ಕು ಗಂಟೆ ಜೊತೆಗೇ ಓಡಿಸಿದರೆ ತಾವೇ ಹೊಂದಿಕೊಳ್ಳುತ್ತವೆ ಎಂದವರೂ ಇದ್ದಾರೆ. ಮೋಟಾರ್ ಸುಟ್ಟು ಹೋದೀತೆಂಬ ಭಯ ನನಗೆ. ಏನು ಮಾಡಲಿ?

ಉತ್ತರ: ಗಡಿಯಾರ ಹಿಡಿದು ಅಳೆದು ಬರೆದಿದ್ದೀರಿ, ನನ್ನ ಕೆಲಸ ಹಗುರವಾಯಿತು. ಹೆಚ್ಚಿನವರು "ಒಂದು ಜೋರು, ಒಂದು ನಿಧಾನ" ಎಂದಷ್ಟೇ ಹೇಳಿ ಎಂಜಿನ್ ಕೈಗೆ ಕೊಟ್ಟು ಹೋಗುತ್ತಾರೆ.

ಮೊದಲು ಭಯದ ಮಾತು ಮುಗಿಸೋಣ. ಮೋಟಾರ್ ಸುಡುವ ಸಂಭವ ಕಡಿಮೆ. ಎಚ್‌ಒ ಎಂಜಿನ್‌ಗಳ ತೂಕವನ್ನು ಸಾಮಾನ್ಯವಾಗಿ ಹೇಗೆ ಇಟ್ಟಿರುತ್ತಾರೆಂದರೆ, ಹೊರೆ ಮಿತಿ ಮೀರಿದರೆ ಮೋಟಾರ್ ನಿಂತುಹೋಗುವ ಮೊದಲೇ ಚಕ್ರ ಜಾರುತ್ತದೆ. ಆ ಜಾರಾಟವೇ ಮೋಟಾರಿಗೆ ರಕ್ಷಣೆ. ನಿಮ್ಮ ಒಂದನೇ ಎಂಜಿನ್‌ನ ರಬ್ಬರ್ ರಿಂಗ್ ಮಾತ್ರ ಈ ರಕ್ಷಣೆಯನ್ನು ಅರ್ಧ ಕಿತ್ತುಕೊಂಡಿದೆ. ಹತ್ತು ನಿಮಿಷ ಜೋಡಿಯಾಗಿ ಓಡಿಸಿ, ಮೋಟಾರಿನ ಮೇಲ್ಭಾಗದ ಬಾಡಿ ಮುಟ್ಟಿ ನೋಡಿ. ಬೆರಳು ಇಟ್ಟುಕೊಳ್ಳಲಾಗದಷ್ಟು ಬಿಸಿಯಾಗಿದ್ದರೆ ನಿಲ್ಲಿಸಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ನಷ್ಟವಾಗುವುದು ಬೇರೆ ಕಡೆ: ರಿಂಗ್ ಸವೆಯುತ್ತದೆ, ಗೇರ್ ಸವೆಯುತ್ತದೆ, ಚಕ್ರಕ್ಕೆ ಕಪ್ಪು ಮೆತ್ತುತ್ತದೆ.

ನನ್ನ ಹೊಟ್ಟೆಪಾಡು ಮೋಟಾರ್ ವೈಂಡಿಂಗ್. ಫೆಬ್ರವರಿ, ಮಾರ್ಚ್‌ನಲ್ಲಿ ತೋಟಗಳಲ್ಲಿ ಹೂವಿಗೆ ನೀರು ಹಾಯಿಸುವ ಹೊತ್ತಿಗೆ ಅಂಗಡಿ ತುಂಬ ಪಂಪ್‌ಸೆಟ್ ಮೋಟಾರ್‌ಗಳು. ಮಳೆಗಾಲದಲ್ಲಿ ಕೈ ಖಾಲಿಯಾದಾಗ ಈ ಪುಟ್ಟ ಮೋಟಾರ್‌ಗಳ ಸರದಿ. ರೈಲು ಹಳಿಯೇ ಇಲ್ಲದ ಜಿಲ್ಲೆಯಲ್ಲಿ ರೈಲಿನ ಹುಚ್ಚು ಹೇಗೆ ಹತ್ತಿತು ಎಂದು ಕೇಳಬೇಡಿ. ನಮ್ಮಲ್ಲಿ ಅನೇಕರು ಮೊದಲು ಹತ್ತಿದ ರೈಲು ಮಡಿಕೇರಿಯ ರಾಜಾಸೀಟಿನ ಪುಟಾಣಿ ರೈಲೇ ಅಲ್ಲವೇ. ವಿಷಯಕ್ಕೆ ಬರುತ್ತೇನೆ.

ಘಾಟಿಯಲ್ಲಿ ಎರಡು ಮೂರು ಎಂಜಿನ್ ಜೊತೆಯಾಗಿ ಎಳೆಯುವುದನ್ನು ನೀವು ದೋಣಿಗಲ್ಲಿನಲ್ಲೋ ಎಡಕುಮೇರಿಯಲ್ಲೋ ನೋಡಿರುತ್ತೀರಿ. ಅಲ್ಲಿ ಯಾರೂ ಕೂತು ಎಂಜಿನ್‌ಗಳ ವೇಗ ಹೊಂದಿಸುವುದಿಲ್ಲ. ಜೋಡಿಸಿದ ಡೀಸೆಲ್ ಎಂಜಿನ್‌ಗಳ ನಡುವಿನ ಕೇಬಲ್‌ನಲ್ಲಿ ಹೋಗುವುದು "ಇಷ್ಟು ವೇಗದಲ್ಲಿ ಓಡು" ಎಂಬ ಆಜ್ಞೆ ಅಲ್ಲ, ಥ್ರಾಟಲ್ ಎಷ್ಟನೇ ನಾಚ್‌ನಲ್ಲಿದೆ (ಹಂತದಲ್ಲಿದೆ) ಎಂಬ ಸುದ್ದಿ. ಅಂದರೆ "ಇಷ್ಟು ಬಲ ಹಾಕು" ಎಂದು. ಪ್ರತಿ ಎಂಜಿನ್ ತನ್ನ ಪಾಲಿನ ಬಲ ಹಾಕುತ್ತದೆ, ವೇಗವನ್ನು ಇಡೀ ಗಾಡಿಯ ಹೊರೆ ಮತ್ತು ಏರು ತೀರ್ಮಾನಿಸುತ್ತವೆ. ಅಲ್ಲಿ ಮೋಟಾರ್ ಚಕ್ರವನ್ನು ತಿರುಗಿಸಬಲ್ಲದು, ಚಕ್ರವೂ ಮೋಟಾರನ್ನು ತಿರುಗಿಸಬಲ್ಲದು.

ಮಾದರಿ ಎಂಜಿನ್‌ನ ಹೊಟ್ಟೆಯೊಳಗೆ ಇರುವುದು ವರ್ಮ್ ಗೇರ್. ಸ್ಕ್ರೂವಿನಂಥ ಹಲ್ಲು, ಅದಕ್ಕೆ ತಾಗಿಕೊಂಡು ಒಂದು ಹಲ್ಲುಚಕ್ರ. ಸ್ಕ್ರೂ ತಿರುಗಿದರೆ ಹಲ್ಲುಚಕ್ರ ತಿರುಗುತ್ತದೆ, ಹಲ್ಲುಚಕ್ರ ತಿರುಗಿಸಿ ಸ್ಕ್ರೂ ಅಲುಗಾಡಿಸಲು ಆಗದು. ಕರೆಂಟ್ ಇಲ್ಲದ ಎಂಜಿನ್ನನ್ನು ಹಳಿಯ ಮೇಲಿಟ್ಟು ಬೆರಳಿನಿಂದ ತಳ್ಳಿ ನೋಡಿ: ಚಕ್ರ ಉರುಳುವುದಿಲ್ಲ, ಉಜ್ಜಿಕೊಂಡು ಜಾರುತ್ತದೆ. ನಿಮ್ಮ ಎರಡನೇ ಎಂಜಿನ್ ಒಂದನೆಯದಕ್ಕೆ ಮಾಡುತ್ತಿರುವುದೂ ಇದನ್ನೇ. ಹಿಂದಿನದು ವೇಗವಾಗಿ ಬಂದು ತಳ್ಳುತ್ತದೆ. ಮುಂದಿನದರ ಚಕ್ರಕ್ಕೆ ತನ್ನ ಮೋಟಾರಿನ ವೇಗ ಬಿಟ್ಟು ಉರುಳಲು ಬರುವುದಿಲ್ಲ, ರಬ್ಬರ್ ರಿಂಗ್ ಇರುವುದರಿಂದ ಜಾರಲೂ ಬಿಡುವುದಿಲ್ಲ. ನೇರ ಹಳಿಯಲ್ಲಿ ಹೇಗೋ ಸಹಿಸಿಕೊಳ್ಳುತ್ತದೆ. ತಿರುವಿಗೆ ಬಂದಾಗ ತಳ್ಳುವ ಬಲ ಓರೆಯಾಗಿ ಬಿದ್ದು ಚಕ್ರ ಹಳಿ ಹತ್ತಿ ಆಚೆ ಇಳಿಯುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಗಾದೆ ಇಂಥ ಜೋಡಿ ನೋಡಿಯೇ ಹುಟ್ಟಿರಬೇಕು.

ಹಾಗಾಗಿ ಮಾದರಿ ಎಂಜಿನ್‌ಗಳಲ್ಲಿ ಬಲ ಸಮ ಇರಬೇಕಿಲ್ಲ, ನಡಿಗೆ ಸಮ ಇರಬೇಕು. ಅದೂ ಪೂರ್ತಿ ವೇಗದಲ್ಲಿ ಮಾತ್ರ ಅಲ್ಲ, ನೀವು ನಿಜವಾಗಿ ಓಡಿಸುವ ವೇಗಗಳಲ್ಲಿ. ನೀವು ಎಡವಿದ್ದು ಇಲ್ಲೇ. ಎಚ್‌ಒ ಅಳತೆ 87ಕ್ಕೆ 1. ಹಾಗಾಗಿ 1 ಮೀಟರ್‌ಗೆ ಹಿಡಿದ ಸೆಕೆಂಡುಗಳಿಂದ 313ನ್ನು ಭಾಗಿಸಿದರೆ ಅಳತೆಗೆ ತಕ್ಕ ಗಂಟೆಯ ವೇಗ ಕಿಲೋಮೀಟರ್‌ನಲ್ಲಿ ಸಿಗುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ನಿಮ್ಮವು 104 ಮತ್ತು 108. ಯಾವ ಗೂಡ್ಸ್ ಘಾಟಿಯಲ್ಲಿ ನೂರರ ಮೇಲೆ ಓಡುತ್ತದೆ? ನೀವು ಓಡಿಸುವುದು 40ನೇ ಸ್ಟೆಪ್ ಆಸುಪಾಸು. ಅಲ್ಲಿ ಒಂದು 35, ಇನ್ನೊಂದು 45. ಹೊಂದಿಸಬೇಕಾದ ಜಾಗ ಬಿಟ್ಟು ಬೇಡದ ಜಾಗದಲ್ಲಿ ಹೊಂದಿಸಿಬಿಟ್ಟಿದ್ದೀರಿ.

ಇನ್ನು ನಿಮ್ಮ ಸ್ನೇಹಿತರ ಸಲಹೆಗಳು.

ತಾವೇ ಹೊಂದಿಕೊಳ್ಳುತ್ತವೆ ಎಂಬ ಮಾತು ಸುಳ್ಳು. ಎತ್ತು ಪಳಗುತ್ತದೆ, ಮೋಟಾರ್ ಪಳಗುವುದಿಲ್ಲ. ಆದರೆ ಈ ಮಾತು ಎಲ್ಲಿಂದ ಬಂತು ಎಂಬುದು ಗೊತ್ತಿದೆ. ಹೊಸ ಎಂಜಿನ್ ಮೊದಲ ಕೆಲವು ಗಂಟೆಗಳಲ್ಲಿ ಸಡಿಲಗೊಂಡು ಸ್ವಲ್ಪ ವೇಗ ಏರುತ್ತದೆ, ಬಿಸಿಯಾದಾಗಲೂ ಏರುತ್ತದೆ. ಅದಕ್ಕೇ ಅಳೆಯುವ ಮೊದಲು ಪ್ರತಿ ಎಂಜಿನ್ನನ್ನು ಬೇರೆಯಾಗಿಯೇ ಮುಂದಕ್ಕೆ ಹದಿನೈದು ನಿಮಿಷ, ಹಿಂದಕ್ಕೆ ಹದಿನೈದು ನಿಮಿಷ ಓಡಿಸಬೇಕು. ನಮ್ಮ ಕಡೆ ಇದು ಇನ್ನೂ ಮುಖ್ಯ. ಜುಲೈ ತಿಂಗಳಲ್ಲಿ ಅಟ್ಟದ ಥಂಡಿಗೆ ಗ್ರೀಸ್ ಗಟ್ಟಿಯಾಗಿರುತ್ತದೆ, ಹಳಿಯ ಮೇಲೆ ಕಪ್ಪು ಕಟ್ಟಿರುತ್ತದೆ. ಮಾರ್ಚ್ ಬಿಸಿಲಲ್ಲಿ ಹೊಂದಿಸಿದ ಜೋಡಿ ಮಳೆಗಾಲದ ಬೆಳಿಗ್ಗೆ ಮೊದಲ ಸುತ್ತಿನಲ್ಲಿ ಜಗಳವಾಡಿದರೆ ಸಿವಿ ಬದಲಿಸಲು ಕೂರಬೇಡಿ. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಹಳಿ, ಚಕ್ರ ಒರೆಸಿ. ಕಾಯಿಸಿ, ಆಮೇಲೆ ನೋಡಿ.

ಬ್ಯಾಕ್ ಇಎಂಎಫ್ ವಿಷಯದಲ್ಲಿ ಅರ್ಧ ಸತ್ಯವಿದೆ. ಡಿಸಿಸಿಯಲ್ಲಿ, ಅಂದರೆ ಹಳಿಯ ಮೂಲಕವೇ ಪ್ರತಿ ಎಂಜಿನ್‌ಗೆ ಬೇರೆ ಬೇರೆ ಆಜ್ಞೆ ಕಳಿಸುವ ಡಿಜಿಟಲ್ ವ್ಯವಸ್ಥೆಯಲ್ಲಿ, ಹಳಿಯ ಮೇಲೆ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ. ಡಿಕೋಡರ್ ಅದನ್ನು ಕ್ಷಣಕ್ಷಣಕ್ಕೂ ಆನ್-ಆಫ್ ಮಾಡಿ ಮೋಟಾರಿಗೆ ಬೇಕಾದಷ್ಟು ಕೊಡುತ್ತದೆ. ಆಫ್ ಇರುವ ಆ ಚೂರು ಹೊತ್ತಿನಲ್ಲಿ ತಿರುಗುತ್ತಿರುವ ಮೋಟಾರ್ ಡೈನಮೋ ಆಗಿ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ಡಿಕೋಡರ್ ಅದನ್ನು ಅಳೆದು "ವೇಗ ಕುಗ್ಗಿದೆ, ಇನ್ನಷ್ಟು ಕೊಡು" ಎಂದು ತಿದ್ದಿಕೊಳ್ಳುತ್ತದೆ. ಏರಿನಲ್ಲೂ ಆಮೆ ನಡಿಗೆಯಲ್ಲೂ ಎಂಜಿನ್ ಮುಗ್ಗರಿಸದೆ ಹೋಗುವುದು ಇದರಿಂದಲೇ. ಇದು ಆಫ್ ಇದ್ದರೆ ವೇಗದ ಎಂಜಿನ್ ಮೇಲೆ ಹೊರೆ ಹೆಚ್ಚು ಬಿದ್ದು ಅದು ತಾನೇ ಕುಗ್ಗುತ್ತದೆ, ಎರಡೂ ನಡುವಿನ ವೇಗಕ್ಕೆ ಬಂದು ನಿಲ್ಲುತ್ತವೆ. ಆನ್ ಇದ್ದರೆ ಎರಡೂ ಹಠಮಾರಿಗಳು. ಹೀಗಾಗಿ ಆಫ್ ಮಾಡಿದ ತಕ್ಷಣ ಜಗಳ ನಿಂತಂತೆ ಕಾಣುತ್ತದೆ. ಆದರೆ ನೀವು ಬಯಸುವುದು ಘಾಟಿ. ಹೊರೆ ಹೊತ್ತು ನಿಧಾನಕ್ಕೆ ಏರಬೇಕಾದ ಗಾಡಿಯಿಂದ ಬ್ಯಾಕ್ ಇಎಂಎಫ್ ತೆಗೆದರೆ ತಿರುವಿಗೊಮ್ಮೆ ಕುಗ್ಗಿ, ನೇರದಲ್ಲಿ ಹಿಗ್ಗಿ ಓಡುತ್ತದೆ. ವೇಗ ಹೊಂದಿಸಿದ ಎರಡು ಎಂಜಿನ್‌ಗಳ ನಡುವೆ ಬ್ಯಾಕ್ ಇಎಂಎಫ್ ಆನ್ ಇದ್ದರೂ ಜಗಳವಿಲ್ಲ. ಹೊಂದಿಸದವುಗಳ ನಡುವೆ ಅದು ಬೆಂಕಿಗೆ ತುಪ್ಪ. ಆಫ್ ಮಾಡುವುದನ್ನು ಪರೀಕ್ಷೆಗೆ ಬಳಸಿ, ಔಷಧಿಯಾಗಿ ಬೇಡ.

ಒಂದೇ ಕಂಪನಿಯ ಡಿಕೋಡರ್? ಕೆಲಸ ಸುಲಭವಾಗುವುದು ನಿಜ, ಸಿವಿಗಳ ಅರ್ಥ ಎರಡರಲ್ಲೂ ಒಂದೇ ಆಗುತ್ತದೆ. ಬೇರೆ ದಾರಿಯಿಲ್ಲ ಎನ್ನುವುದು ತಪ್ಪು. ಒಂದೇ ಕಂಪನಿಯ, ಒಂದೇ ಪೆಟ್ಟಿಗೆಯ ಅವಳಿ ಎಂಜಿನ್‌ಗಳೂ ನನ್ನ ಮೇಜಿನ ಮೇಲೆ ಬೇರೆ ಬೇರೆ ವೇಗದಲ್ಲಿ ಓಡಿವೆ. ಮೋಟಾರ್, ಗೇರ್, ಗ್ರೀಸ್ ಎಲ್ಲದರಲ್ಲೂ ವ್ಯತ್ಯಾಸ ಇರುತ್ತದೆ. ದುಡ್ಡು ಖರ್ಚು ಮಾಡಿದ ಮೇಲೂ ಹೊಂದಿಸುವ ಕೆಲಸ ತಪ್ಪುವುದಿಲ್ಲ ಎಂದಾದರೆ, ಮೊದಲು ಕೈಯಲ್ಲಿರುವುದರಲ್ಲೇ ಪ್ರಯತ್ನಿಸಬಾರದೇಕೆ?

ಹಾಗಾದರೆ ಕೆಲಸ ಶುರುಮಾಡಿ. ಜೋಡಿ ಬಿಡಿಸಿ. ಎರಡರಲ್ಲೂ ಸಿವಿ 19 ಸೊನ್ನೆ ಇದೆಯೇ ನೋಡಿ. ಅದು ಜೋಡಿಯ ವಿಳಾಸ ಇರುವ ಖಾನೆ. ಅಲ್ಲಿ ಅಂಕಿ ಉಳಿದುಬಿಟ್ಟರೆ ಎಂಜಿನ್ ತನ್ನ ಸ್ವಂತ ವಿಳಾಸಕ್ಕೆ ಕಳಿಸಿದ ವೇಗದ ಆಜ್ಞೆಗೆ ಓಗೊಡುವುದಿಲ್ಲ. ಗೋಣಿಕೊಪ್ಪದಿಂದ ಬಿಸ್ಕತ್ ಡಬ್ಬಿಯಲ್ಲಿ ಹತ್ತಿಯ ನಡುವೆ ಮಲಗಿ ಬಸ್ಸಿನಲ್ಲಿ ಬಂದ ಒಂದು "ಸತ್ತ" ಎಂಜಿನ್‌ಗೆ ಆಗಿದ್ದು ಇಷ್ಟೇ. ಸಿವಿ 19ಕ್ಕೆ ಸೊನ್ನೆ ಬರೆದೆ, ಎದ್ದು ಓಡಿತು. ಅರ್ಧ ನಿಮಿಷದ ಕೆಲಸಕ್ಕೆ ದುಡ್ಡು ಕೇಳಲು ನಾಚಿಕೆಯಾಯಿತು.

ಸಿವಿ 3 ಮತ್ತು 4, ಅಂದರೆ ವೇಗ ಏರುವ ಮತ್ತು ಇಳಿಯುವ ನಿಧಾನ, ಎರಡರಲ್ಲೂ ಸೊನ್ನೆ ಮಾಡಿ. ಇಲ್ಲದಿದ್ದರೆ ಎಂಜಿನ್ ಇನ್ನೂ ವೇಗ ಏರಿಸಿಕೊಳ್ಳುತ್ತಿರುವಾಗಲೇ ನೀವು ಅಳೆಯುತ್ತಿರುತ್ತೀರಿ. ಎರಡೂ 128 ಸ್ಟೆಪ್‌ನಲ್ಲೇ ಇರಲಿ. ಡಿಕೋಡರ್‌ಗೆ ಬ್ಯಾಕ್ ಇಎಂಎಫ್ ತಾನೇ ಸರಿಹೊಂದಿಸಿಕೊಳ್ಳುವ ಸೌಲಭ್ಯ ಇದ್ದರೆ ಅದನ್ನು ಈಗಲೇ ಮುಗಿಸಿ. ಇಎಸ್‌ಯು ಕಂಪನಿಯ ಲೋಕ್‌ಸೌಂಡ್ 5 ಡಿಕೋಡರ್‌ನಲ್ಲಿ ಸಿವಿ 54ಕ್ಕೆ ಸೊನ್ನೆ ಬರೆದು ಎಫ್1 ಒತ್ತಿದರೆ ಎಂಜಿನ್ ಒಮ್ಮೆಲೇ ನುಗ್ಗಿ ಓಡಿ ಅಳೆದುಕೊಳ್ಳುತ್ತದೆ. ಎದುರಿಗೆ ನೇರ ಹಳಿ ಖಾಲಿ ಇರಲಿ, ಮೇಜಿನ ಅಂಚು ಬೇಡ.

ಹೊಂದಿಸುವಾಗ ನಿಯಮ ಒಂದೇ: ವೇಗದ್ದನ್ನು ನಿಧಾನದ್ದಕ್ಕೆ ಇಳಿಸಬೇಕು. ನಿಧಾನದ್ದನ್ನು ಅದರ ಶಕ್ತಿ ಮೀರಿ ಏರಿಸಲು ಬರುವುದಿಲ್ಲ. ಹೊರಡುವ ಹಂತ ಮಾತ್ರ ಇದಕ್ಕೆ ಹೊರತು. ಅಲ್ಲಿ ಒಂದನೇ ಎಂಜಿನ್‌ನ ಸಿವಿ 2ನ್ನು, ಅಂದರೆ ಹೊರಡುವ ವೇಗದ ಖಾನೆಯನ್ನು, ಒಂದೊಂದೇ ಏರಿಸುತ್ತಾ ಹೋಗಿ, 1ನೇ ಸ್ಟೆಪ್‌ಗೆ ಕದಲುವಂತೆ ಮಾಡಿ. ಕದಲಿದರೆ ಸಾಲದು, ತೆವಳುವ ವೇಗವೂ ಹೊಂದಬೇಕು. ಎರಡನ್ನೂ ಒಂದೇ ಹಳಿಯ ಮೇಲೆ ಒಂದು ಗೇಣು ಬಿಟ್ಟು ನಿಲ್ಲಿಸಿ ಒಟ್ಟಿಗೆ ಹೊರಡಿಸಿ, ಗೇಣು ಗೇಣಾಗಿಯೇ ಉಳಿಯುತ್ತದೆಯೇ ನೋಡಿ. ಸದ್ದಿನ ಡಿಕೋಡರ್ ಆದರೆ ಇಲ್ಲೊಂದು ಮೋಸವಿದೆ. ಕೆಲವು ಡಿಕೋಡರ್‌ಗಳು ಎಂಜಿನ್ ಗುಡುಗಿ ಮುಗಿಯುವ ತನಕ ಚಕ್ರ ತಿರುಗಿಸದೆ ಕಾಯುತ್ತವೆ. ಆ ಕಾಯುವಿಕೆಯನ್ನು ಕೈಪಿಡಿ ನೋಡಿ ತೆಗೆಯಬೇಕು. ಸಿವಿ 2 ಎಷ್ಟು ತಿದ್ದಿದರೂ ಅದು ಹೋಗುವುದಿಲ್ಲ.

ಪೂರ್ತಿ ವೇಗದ್ದು ಬಿಡಿ, ನಿಮ್ಮದು ಸಾಕಷ್ಟು ಹೊಂದಿದೆ. 1 ಮೀಟರ್ ಓಟದಲ್ಲಿ 0.1 ಸೆಕೆಂಡ್ ವ್ಯತ್ಯಾಸ ಎಂದರೆ ಅದು ಎಂಜಿನ್ನದೋ ಗಡಿಯಾರ ಒತ್ತಿದ ಹೆಬ್ಬೆರಳಿನದೋ ಯಾರು ಹೇಳಬೇಕು. ಮುಂದೆ ಅಳೆಯುವಾಗ 3 ಮೀಟರ್ ಅಳೆಯಿರಿ, 313ರ ಬದಲು 939 ಇಟ್ಟುಕೊಳ್ಳಿ.

ನಡುವಿನದ್ದೇ ನಿಮ್ಮ ರೋಗ. ಎರಡನೇ ಎಂಜಿನ್‌ನಲ್ಲಿ ಸಿವಿ 5 ತಿದ್ದಿದ್ದೀರಿ, ಸಿವಿ 6ರ ಮಾತೇ ಎತ್ತಿಲ್ಲ. ಅದು ನಡುವಿನ ವೇಗದ ಖಾನೆ. ಸೊನ್ನೆ ಬಿಟ್ಟರೆ ಡಿಕೋಡರ್ ಹೊರಡುವ ವೇಗದಿಂದ ಪೂರ್ತಿ ವೇಗಕ್ಕೆ ನೇರ ಗೆರೆ ಎಳೆದುಕೊಳ್ಳುತ್ತದೆ, ಅಂದರೆ ನಿಮ್ಮದರಲ್ಲಿ ನಡು ಸುಮಾರು 107. ನಿಮ್ಮ ಅಳತೆಯಂತೆ ನಡುವಿನ ವೇಗಗಳಲ್ಲಿ ಎರಡನೆಯದು ಒಂದನೆಯದಕ್ಕಿಂತ ಮೇಲೆ ಹೋಗುತ್ತಿದೆ. ನಿಮ್ಮ 9 ಮತ್ತು 7 ಸೆಕೆಂಡ್ ಇಟ್ಟುಕೊಂಡು ಲೆಕ್ಕ ಹಾಕಿದರೆ ಎರಡನೆಯದರ ಸಿವಿ 6 ಸುಮಾರು 85 ಆಗಬೇಕು. ಅಷ್ಟು ಹಾಕಿ 40ರಲ್ಲಿ ಅಳೆಯಿರಿ, ಹೊಂದುವ ತನಕ ಎರಡೆರಡು ಅಂಕಿ ಏರಿಸಿ ಇಳಿಸಿ. ನಂತರ 20ರಲ್ಲೂ 64ರಲ್ಲೂ ಅಳೆಯಿರಿ. 64ರಲ್ಲಿ ನೀವು ಅಳೆದೇ ಇಲ್ಲ, ಹಾಗಾಗಿ ಅಲ್ಲಿ ಎರಡನೆಯದು ಈಗ ಹಿಂದೆ ಬೀಳಲೂಬಹುದು. ಬಿದ್ದರೆ ಸಿವಿ 2, 5, 6 ಎಂಬ ಮೂರು ಖಾನೆಯಲ್ಲಿ ಕೆಲಸ ಆಗುವುದಿಲ್ಲ ಎಂದರ್ಥ.

ಆಗ ಸಿವಿ 67ರಿಂದ 94ರ ತನಕ ಇರುವ 28 ಖಾನೆಗಳ ವೇಗದ ಪಟ್ಟಿಗೆ ಹೋಗಬೇಕು. ಕೆಲವು ಹೊಸ ಡಿಕೋಡರ್‌ಗಳಲ್ಲಿ ಸಿವಿ 6 ಕೆಲಸ ಮಾಡುವುದೇ ಇಲ್ಲ, ಅವಕ್ಕೂ ಇದೇ ದಾರಿ. ಪಟ್ಟಿ ಚಾಲೂ ಆಗಲು ಸಿವಿ 29ಕ್ಕೆ 16 ಕೂಡಿಸಬೇಕು: ಈಗ 6 ಇದ್ದರೆ 22, 38 ಇದ್ದರೆ 54. ಹೆಚ್ಚಿನ ಡಿಕೋಡರ್‌ಗಳಲ್ಲಿ ಪಟ್ಟಿ ಚಾಲೂ ಆದ ಮೇಲೆ ಸಿವಿ 5, 6 ಲೆಕ್ಕಕ್ಕಿಲ್ಲ. ಲೋಕ್‌ಸೌಂಡ್ 5ರಂಥವುಗಳಲ್ಲಿ ಮಾತ್ರ ಪಟ್ಟಿಯ ಮೊದಲ ಮತ್ತು ಕೊನೆಯ ಖಾನೆ ಬದಲಾಗುವುದಿಲ್ಲ, ತುದಿಗಳನ್ನು ಸಿವಿ 2 ಮತ್ತು 5ರಿಂದಲೇ ಹಿಡಿಯಬೇಕು. 28 ಅಂಕಿಗಳನ್ನು ಥ್ರಾಟಲ್‌ನಿಂದ ಒಂದೊಂದಾಗಿ ಬರೆಯುವುದು ಕಾಫಿ ಹಣ್ಣು ಒಂದೊಂದೇ ಎಣಿಸಿದಂತೆ. ಜೆಎಂಆರ್‌ಐ ಎಂಬ ಉಚಿತ ತಂತ್ರಾಂಶದ ಡಿಕೋಡರ್‌ಪ್ರೋ ಭಾಗ ಬಳಸಿ. ಕಂಪ್ಯೂಟರನ್ನು ಹಳಿಗೆ ಜೋಡಿಸಲು ಸ್ಪ್ರಾಗ್‌ನಂಥ ಚಿಕ್ಕ ಪೆಟ್ಟಿಗೆಯೊಂದು ಬೇಕು. ಪರದೆಯ ಮೇಲೆ ಕಂಬಗಳನ್ನು ಎಳೆದು ಎತ್ತರ ತಗ್ಗು ಮಾಡಿದರೆ ಆಯಿತು. ಅಪಾಯ ಇರುವುದು ಒಂದೇ, ಪಟ್ಟಿಯ ಒಂದು ಖಾನೆ ಹಿಂದಿನದಕ್ಕಿಂತ ಕೆಳಗಿಳಿದರೆ ಥ್ರಾಟಲ್ ಏರಿಸಿದಾಗ ಎಂಜಿನ್ ನಿಧಾನವಾಗುವ ತಮಾಷೆ ನೋಡಬೇಕಾಗುತ್ತದೆ.

ಎರಡನೇ ಎಂಜಿನ್ನನ್ನು ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸುವ ಯೋಚನೆ ಇದ್ದರೆ ಗಮನಿಸಿ: ಜೋಡಿ ಮುಂದೆ ಹೋಗುವಾಗ ಅದು ರಿವರ್ಸ್‌ನಲ್ಲಿ ಓಡುತ್ತಿರುತ್ತದೆ. ಒಂದೇ ಮೋಟಾರ್ ಎರಡು ದಿಕ್ಕಿಗೆ ಎರಡು ವೇಗ ಕೊಡುವುದು ಮಾಮೂಲು. ಹಾಗಾಗಿ ಒಂದರ ಮುಂದಿನ ಓಟವನ್ನು ಇನ್ನೊಂದರ ಹಿಂದಿನ ಓಟದೊಡನೆ ಹೊಂದಿಸಬೇಕು. ಇದಕ್ಕೆ ಸಿವಿ 66 ಮುಂದಕ್ಕೆ, 95 ಹಿಂದಕ್ಕೆ. 128 ಎಂದರೆ ಇದ್ದ ಹಾಗೆ, ಕಡಿಮೆ ಮಾಡಿದರೆ ನಿಧಾನ. ಜೋಡಿಯ ವಿಳಾಸ 25 ಎಂದಿಟ್ಟುಕೊಂಡರೆ ನೇರ ನಿಂತ ಎಂಜಿನ್‌ನ ಸಿವಿ 19ಕ್ಕೆ 25, ತಿರುಗಿ ನಿಂತದ್ದಕ್ಕೆ 128 ಕೂಡಿಸಿ 153. ಕೊನೆಯಲ್ಲಿ ಸಿವಿ 3, 4ಕ್ಕೆ ಮತ್ತೆ ಅಂಕಿ ತುಂಬಿ. ಎರಡಕ್ಕೂ ಒಂದೇ ಅಂಕಿ ಹಾಕಿದರೆ ಸಾಲದು, ನಿಂತಲ್ಲಿಂದ 40ನೇ ಸ್ಟೆಪ್ ವೇಗಕ್ಕೆ ಬರಲು ಎರಡೂ ಒಂದೇ ಹೊತ್ತು ತೆಗೆದುಕೊಳ್ಳಬೇಕು.

ಎಷ್ಟು ಹೊಂದಿದರೆ ಸಾಕು? ನನ್ನ ಕೈಯಲ್ಲಿ ಶೇಕಡಾ 5ರೊಳಗೆ ಬಂದ ಜೋಡಿಗಳು ತಂಟೆ ಮಾಡಿದ್ದಿಲ್ಲ. ಉಳಿದ ವ್ಯತ್ಯಾಸದಲ್ಲಿ ವೇಗದ್ದನ್ನು ಮುಂದಿಡಿ. ಆಗ ಕಪ್ಲರ್ ಬಿಗಿಯಾಗಿ ಎಳೆದುಕೊಂಡೇ ಇರುತ್ತದೆ, ತಳ್ಳಾಟ ಇಲ್ಲ. ನೀವು ಇವತ್ತೇ, ಒಂದು ಸಿವಿಯನ್ನೂ ಮುಟ್ಟದೆ, ಎಂಜಿನ್‌ಗಳ ಜಾಗ ಅದಲುಬದಲು ಮಾಡಿದರೂ ಹಳಿ ತಪ್ಪುವುದು ಬಹುಪಾಲು ನಿಲ್ಲಬೇಕು.

ಇಷ್ಟಾಗಿಯೂ ಹೊಂದದಿದ್ದರೆ ಡಿಕೋಡರ್ ಬದಲಿಸಿ, ನಿಮ್ಮ ಸ್ನೇಹಿತರ ಮಾತು ಆಗ ಸರಿ. ಇನ್ನೊಂದು ಬಡವರ ದಾರಿ ಇದೆ: ಒಂದು ಎಂಜಿನ್‌ನ ವರ್ಮ್ ತೆಗೆದುಬಿಟ್ಟರೆ ಅದು ಉರುಳುವ ಗಾಡಿಯಾಗುತ್ತದೆ. ದೀಪ, ಸದ್ದು ಎಲ್ಲ ಇರುತ್ತದೆ, ಜಗಳ ಇರುವುದಿಲ್ಲ. ಸಮತಟ್ಟಿನಲ್ಲಿ ಚೆನ್ನ. ನಿಮ್ಮ ಘಾಟಿ ನಿಜದಂತೆ 50ಕ್ಕೆ 1ರ ಏರು, ಅಂದರೆ ಮೀಟರ್‌ಗೆ 2 ಸೆಂಟಿಮೀಟರ್ ಇದ್ದರೆ, ಎಳೆಯದ ಎಂಜಿನ್‌ನ ತೂಕವೂ ಎಳೆಯುವುದರ ತಲೆಗೇ ಬೀಳುತ್ತದೆ. ನಿಮಗೆ ನಾನು ಇದನ್ನು ಹೇಳಲಾರೆ.

ಕರೆಂಟಿನ ಬಗ್ಗೆಯೂ ಒಂದು ಮಾತು. ಬೇಸಿಗೆಯ ಸಂಜೆ ಸುತ್ತಲಿನ ಪಂಪ್‌ಗಳೆಲ್ಲ ಒಟ್ಟಿಗೆ ಓಡುವಾಗ ತೋಟದ ಮನೆಗಳಲ್ಲಿ ವೋಲ್ಟೇಜ್ ಕುಸಿಯುವುದು ನಿಮಗೆ ಹೊಸದಲ್ಲ. ನಿಮ್ಮ ಡಿಸಿಸಿಗೆ ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಇದ್ದರೆ ಹಳಿಯ ವೋಲ್ಟೇಜೂ ಕುಸಿದು ಮೇಲಿನ ವೇಗಗಳು ಬದಲಾಗಬಹುದು. ಎರಡು ಬೇರೆ ಡಿಕೋಡರ್‌ಗಳಲ್ಲಿ ಸಮನಾಗಿ ಬದಲಾಗುವುದಿಲ್ಲ. ಲ್ಯಾಪ್‌ಟಾಪಿಗೆ ಬರುವಂಥ ಸ್ವಿಚ್‌ಮೋಡ್ ಪವರ್ ಸಪ್ಲೈ ಒಳ್ಳೆಯದು. ವೋಲ್ಟೇಜ್, ಆಂಪ್ ನಿಮ್ಮ ಯಂತ್ರದ ಕೈಪಿಡಿಯಂತೆಯೇ ಇರಲಿ.

ಬ್ಯಾಂಕರ್ ಆಸೆಯನ್ನು ಮುಂದಿನ ಜೋಡಿ ನಿಂತ ಮೇಲೆ ತೀರಿಸಿಕೊಳ್ಳಿ. ಅಲ್ಲಿ ಲೆಕ್ಕ ತುಸು ಬೇರೆ. ಹಿಂದಿನ ಎಂಜಿನ್ ಮುಂದಿನವಕ್ಕಿಂತ ಕೂದಲಷ್ಟು ನಿಧಾನವಿರಲಿ, ಅದರ ಬ್ಯಾಕ್ ಇಎಂಎಫ್ ಬಿಗಿಯನ್ನು ಕಡಿಮೆ ಮಾಡಿ. ಅದು ಹಠ ಹಿಡಿಯಬಾರದು, ಹೊರೆ ಬಂದಷ್ಟೇ ತಳ್ಳಬೇಕು. ಜೋರಾಗಿ ತಳ್ಳಿದರೆ ನಡುವಿನ ಖಾಲಿ ವ್ಯಾಗನ್‌ಗಳು ತಿರುವಿನಲ್ಲಿ ಮೇಲೆದ್ದು ಬೀಳುತ್ತವೆ. ಎನ್‌ಎಂಆರ್‌ಎ (ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ) ಶಿಫಾರಸಿನ ಪ್ರಕಾರ 15 ಸೆಂಟಿಮೀಟರ್ ಉದ್ದದ ಎಚ್‌ಒ ವ್ಯಾಗನ್ ಸುಮಾರು 110 ಗ್ರಾಂ ತೂಗಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ, ಕಡಿಮೆ ಬಿದ್ದವಕ್ಕೆ ಒಳಗೆ ಸೀಸದ ಚೂರು ಅಂಟಿಸಿ. ಮೊದಲು ಐದು ವ್ಯಾಗನ್‌ನಿಂದ ಶುರುಮಾಡಿ, 64ನೇ ಸ್ಟೆಪ್‌ನ ಅಳತೆ ನನಗೆ ಬರೆದು ಕಳಿಸಿ.